ಕುರಿಗಳ ಉಪವಾಸಕ್ಕೆ ನನ್ನ ಸಹಿ

ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಜಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದೆ ಎಂದರೆ ಜನ ಎರಡರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. "ಪಾಪ ಅನ್ನಿಸ್ತಿರಲಿಲ್ವಾ?" ಎನ್ನುವುದು ಒಂದು. "ಆಮೇಲೆ ಆ ಕುರಿ ಏನ್ ಮಾಡ್ತಿದ್ರಿ?" ಎನ್ನುವುದು ಇನ್ನೊಂದು. ನಮ್ಮ ನಂಜನಗೂಡಿನಲ್ಲಿ ಎರಡನೆಯದನ್ನು ಕೇಳುವವರೇ ಜಾಸ್ತಿ. ಸುಟ್ಟು ಹಾಕುತ್ತಿದ್ದೆವು ಎಂದರೆ ಒಳಗೊಳಗೇ ನಗುತ್ತಾರೆ, ನಂಬುವುದಿಲ್ಲ.

ಈಚೆಗೆ ಡಿಪ್ಲೊಮಾ ಮುಗಿಸಿ ಇಂಥ ಕೆಲಸಕ್ಕೆ ಸೇರುವವರು ಕೆಲವರು ಮನೆಗೆ ಬಂದು ಬೇರೆ ಪ್ರಶ್ನೆ ಕೇಳುತ್ತಾರೆ. ಕೆಲಸ ಹೇಗಿರುತ್ತದೆ, ಏನು ಓದಿಕೊಂಡು ಹೋಗಬೇಕು ಎಂದು. ಓದಿಕೊಳ್ಳುವುದಕ್ಕೆ ಪುಸ್ತಕಗಳು ಬೇಕಾದಷ್ಟಿವೆ. ನಾನು ಹೇಳಬಹುದಾದದ್ದು ಪುಸ್ತಕದಲ್ಲಿ ಇಲ್ಲದ್ದು. ಅದರಲ್ಲಿ ಮುಖ್ಯವಾದದ್ದು ನನ್ನದೇ ಒಂದು ತಪ್ಪು. ಹೇಳಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಪಿಂಚಣಿಯವನಾಗಿ ಕೂತಿದ್ದೇನೆ, ಮೆಮೊ ಕೊಡುವವರು ಯಾರೂ ಇಲ್ಲ.

ನನ್ನ ಊರು ಹೆಮ್ಮರಗಾಲ. ಪಶುವೈದ್ಯ ಸಹಾಯಕನ ತರಬೇತಿ ಮುಗಿಸಿ ಬಿಳಿಗೆರೆ ಸುತ್ತಮುತ್ತ ದನಗಳಿಗೆ ಸೂಜಿ ಹಾಕಿಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಿದ್ದೆ. ತೊಂಬತ್ತರ ದಶಕದ ನಡುವೆ ನಂಜನಗೂಡಿನ ಹೊರಗೆ ಒಂದು ಖಾಸಗಿ ಸಂಶೋಧನಾ ಕೇಂದ್ರ ಶುರುವಾಯಿತು. ಹೆಸರು ಬೇಡ, ಈಗ ಅದು ಅಲ್ಲಿಲ್ಲ. ಪ್ರಾಣಿಗಳನ್ನು ನೋಡಿಕೊಳ್ಳುವುದಕ್ಕೆ ಜನ ಬೇಕು ಎಂದು ಕೇಳಿ ಹೋದೆ.

ನನ್ನನ್ನು ಸಂದರ್ಶನ ಮಾಡಿದವರು ಡಾಕ್ಟರ್ ಮುಕುಂದ. ಎದೆಯ ಶಸ್ತ್ರಚಿಕಿತ್ಸೆಯವರು, ಮೈಸೂರಿನಿಂದ ಕಾರಿನಲ್ಲಿ ಬರುತ್ತಿದ್ದರು. ನಾವೆಲ್ಲ ಅವರನ್ನು ಚೀಫ್ ಎಂದೇ ಕರೆಯುತ್ತಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಕುರೀನ ಬಲಗಡೆ ಮಗ್ಗುಲಾಗಿ ಮಲಗಿಸಿದ್ರೆ ಮೇಲಕ್ಕೆ ಬರೋ ಶ್ವಾಸಕೋಶ ಯಾವುದು?" ಎಡದ್ದು ಎಂದೆ. "ಸೇರ್ಕೊಳ್ಳಿ" ಎಂದರು. ಇಷ್ಟು ಸುಲಭವಾ ಎಂದುಕೊಂಡೆ. ಮೊದಲ ಆಪರೇಷನ್ನಿನ ದಿನ ಕುರಿಯ ಎದೆಯ ಉಣ್ಣೆ ಬೋಳಿಸಿ ಸಿದ್ಧ ಮಾಡುವ ಕೆಲಸ ನನ್ನದು. ಚೆನ್ನಾಗಿ, ನುಣ್ಣಗೆ, ಬಲಗಡೆ ಬೋಳಿಸಿಟ್ಟಿದ್ದೆ. ಚೀಫ್ ಬಂದು ನೋಡಿದರು. ಬೈಯಲಿಲ್ಲ. ಕುರಿಯನ್ನು ತಿರುಗಿಸಿ ಮಲಗಿಸಿ ಕತ್ತರಿ ಯಂತ್ರವನ್ನು ನನ್ನ ಕೈಗೆ ಕೊಟ್ಟು, ನಾನು ಮುಗಿಸುವ ತನಕ ಕೈಕಟ್ಟಿ ನಿಂತರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅಂದಿನಿಂದ ಬೆಳಿಗ್ಗೆ ಹೋದ ಕೂಡಲೇ ಎಲ್ಲಕ್ಕಿಂತ ಮೊದಲು ಕುರಿಯ ಎಡಗಿವಿಗೆ ಕೆಂಪು ಟೇಪು ಸುತ್ತುತ್ತಿದ್ದೆ.

ಅಲ್ಲಿ ನಡೆಯುತ್ತಿದ್ದ ಕೆಲಸ ಏನೆಂದು ಹೇಳಬೇಕು. ಒಂದು ಕುರಿಯ ಎಡ ಶ್ವಾಸಕೋಶವನ್ನು ತೆಗೆದು ಇನ್ನೊಂದಕ್ಕೆ ಜೋಡಿಸುವುದು. ಕೊಡುವ ಕುರಿಗೆ ದಾನಿ ಎನ್ನುತ್ತಿದ್ದೆವು. ಕೇಳಿ ಕೊಟ್ಟದ್ದೇನೂ ಅಲ್ಲ, ಆದರೂ ಹಾಗೇ ಎನ್ನುತ್ತಿದ್ದೆವು. ದಾನಿ ಮೇಜಿನಿಂದ ಏಳುತ್ತಿರಲಿಲ್ಲ. ತೆಗೆದುಕೊಳ್ಳುವ ಕುರಿಯ ಬಲ ಶ್ವಾಸಕೋಶ ಅದರದ್ದೇ, ಎಡದ್ದು ಮಾತ್ರ ಹೊಸದು. ಮನುಷ್ಯರಲ್ಲೂ ಹೀಗೆ ಶ್ವಾಸಕೋಶ ಬದಲಾಯಿಸಿದಾಗ ಕೆಲವರಲ್ಲಿ ಹೊಸದು ಮೊದಲ ದಿನವೇ ಕೈಕೊಡುತ್ತದೆ. ರಕ್ತ ಹರಿಸಿದ ಕೆಲವೇ ಗಂಟೆಗಳಲ್ಲಿ ನೀರು ತುಂಬಿ ಭಾರವಾಗುತ್ತದೆ, ಉಸಿರಾಡುವುದಿಲ್ಲ. ಯಾಕೆ ಹಾಗಾಗುತ್ತದೆ ಎಂದು ಕುರಿಗಳಲ್ಲಿ ಕಂಡುಹಿಡಿಯುವುದು ಚೀಫ್ ಕೈಗೆತ್ತಿಕೊಂಡ ಕೆಲಸ.

ಅದಕ್ಕೆ ಮೊದಲು, ಏನೂ ತೊಂದರೆಯಿಲ್ಲದೆ ಜೋಡಿಸಿದ ಶ್ವಾಸಕೋಶ ಸುಮ್ಮನೆ ಕೆಲಸ ಮಾಡಬೇಕಿತ್ತು. ಅದು ಚೆನ್ನಾಗಿದ್ದರೆ ತಾನೇ ಒಂದೊಂದಾಗಿ ತೊಂದರೆ ಕೊಟ್ಟು ನೋಡುವುದು? ನಮ್ಮಲ್ಲಿ ಅದೇ ಆಗಲಿಲ್ಲ. ನಾವು ತೊಂದರೆ ಕೊಡುವುದಕ್ಕೆ ಮುಂಚೆಯೇ ಶ್ವಾಸಕೋಶ ಕೆಡುತ್ತಿತ್ತು. ಮೊದಲ ಐದು ಕುರಿಗಳೂ ಹೀಗೇ ಹೋದವು. ತೆಗೆಯುವಾಗ ಗುಲಾಬಿ ಬಣ್ಣ, ನೋಡುವುದಕ್ಕೆ ಲಕ್ಷಣವಾಗಿ ಇರುತ್ತಿತ್ತು. ಮಧ್ಯಾಹ್ನ ಜೋಡಿಸಿ ರಕ್ತ ಬಿಟ್ಟರೆ ಸಂಜೆ ಕಾಫಿ ಹೊತ್ತಿಗೆ ಉಸಿರುನಾಳದಲ್ಲಿ ನೊರೆ.

ಚೀಫ್ ತಮ್ಮ ಕೋಣೆಯ ಬೋರ್ಡಿನ ಮೇಲೆ ಆರು ಕಾರಣ ಬರೆದಿದ್ದರು. ತಂಪಿನಲ್ಲಿಟ್ಟ ಹೊತ್ತು, ತೊಳೆದು ಇಡುವ ದ್ರಾವಣ, ಹೊಲಿಗೆ, ಮತ್ತೆ ರಕ್ತ ಬಿಡುವ ವೇಗ, ಉಸಿರಿನ ಯಂತ್ರದ ಒತ್ತಡ, ಕೊನೆಯಲ್ಲಿ ದಾನಿ. ಎಲ್ಲಕ್ಕಿಂತ ಮೊದಲು ಹೊಡೆದುಹಾಕಿದ್ದು ಈ ಕೊನೆಯದನ್ನು. ದಾನಿ ಕುರಿಗಳು ಆರೋಗ್ಯವಾಗಿದ್ದವು, ಇಪ್ಪತ್ತನಾಲ್ಕು ಗಂಟೆ ಹೊಟ್ಟೆ ಖಾಲಿ ಇಟ್ಟಿದ್ದೆವು. ಹಾಗೆಂದು ಪ್ರಾಣಿಶಾಲೆಯ ಪುಸ್ತಕದಲ್ಲಿ ಬರೆದಿತ್ತು. ಬರೆದು ಸಹಿ ಹಾಕಿದವನು ನಾನು.

ಐಸಿನ ಮೇಲೆ ಮೊದಲು ಅನುಮಾನ ಬಂತು. ಆಗ ನಮ್ಮಲ್ಲಿ ಐಸ್ ಮಾಡುವ ಯಂತ್ರ ಇರಲಿಲ್ಲ. ಪೇಟೆಯಲ್ಲಿ ಐಸ್ ಕ್ಯಾಂಡಿ ಮಾಡುವವನೊಬ್ಬನ ಹತ್ತಿರ ತರುತ್ತಿದ್ದೆವು. ಗೋಣಿಯಲ್ಲಿ ಸುತ್ತಿ ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಬರುವಷ್ಟರಲ್ಲಿ ಅರ್ಧ ರಸ್ತೆಗೆ ಹೋಗಿರುತ್ತಿತ್ತು. ಒಂದು ದಿನ ಐಸಿನಲ್ಲಿ ಕಿತ್ತಳೆ ಬಣ್ಣ ಇದ್ದದ್ದನ್ನು ನೋಡಿ ಚೀಫ್, "ಇದು ಯಾವ ಫ್ಲೇವರ್?" ಎಂದು ಕೇಳಿದರು. ತಿಂಗಳೊಳಗೆ ಯಂತ್ರ ಬಂತು. ಐದನೆಯ ಕುರಿಗೆ ಹೊಸ ಯಂತ್ರದ ಐಸು. ಅದೂ ಹೋಯಿತು.

ಇಲ್ಲಿ ಇನ್ನಿಬ್ಬರ ವಿಷಯ ಹೇಳಬೇಕು. ಒಬ್ಬಳು ಸುಮತಿ. ಬಿ.ಎಸ್ಸಿ. ಮಾಡಿದ ಹುಡುಗಿ, ಊರು ತಿ. ನರಸೀಪುರ. ಶ್ವಾಸಕೋಶವನ್ನು ತೊಳೆದು ಮುಳುಗಿಸಿಡುವ ದ್ರಾವಣವನ್ನು ತೂಕ ಮಾಡಿ, ಬೆರೆಸಿ, ಸೋಸಿ, ಬಾಟಲಿಗೆ ತುಂಬುವುದು ಅವಳ ಕೆಲಸ. ಒಪ್ಪಂದದ ಮೇಲೆ ಇದ್ದವಳು. ತಂದೆ ಇರಲಿಲ್ಲ, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಇನ್ನೊಬ್ಬ ಮಾರಯ್ಯ. ಮುಡುಕುತೊರೆ ಪಕ್ಕದವನು, ವಯಸ್ಸು ಐವತ್ತು ದಾಟಿತ್ತು, ನಮ್ಮಲ್ಲಿ ಕುರಿ ನೋಡಿಕೊಳ್ಳುವ ದಿನಗೂಲಿ. ಕುರಿಯ ಕಿವಿ ಮುಟ್ಟಿ ಜ್ವರ ಎಷ್ಟಿದೆ ಎನ್ನುತ್ತಿದ್ದ, ಥರ್ಮಾಮೀಟರ್ ಇಟ್ಟರೆ ಅಷ್ಟೇ ಇರುತ್ತಿತ್ತು. ಇಬ್ಬರೂ ತಿ. ನರಸೀಪುರದಿಂದ ಹೊರಡುವ ಮೊದಲ ಬಸ್ಸಿಗೆ ಬರುತ್ತಿದ್ದರು. ಸುಮತಿ ಸೀಟು ಹಿಡಿದಿಡುತ್ತಿದ್ದಳು, ಮಾರಯ್ಯ ಊಟದ ಕ್ಯಾರಿಯರನ್ನು ಅವಳ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತು ತೂಕಡಿಸಿಕೊಂಡು ಬರುತ್ತಿದ್ದ.

ಆಪರೇಷನ್ ದಿನ ಬೆಳಿಗ್ಗೆ ಏಳೂವರೆ ಸುಮಾರಿಗೆ ಎರಡೂ ಕುರಿಗಳಿಗೆ ನಾನು ಮಂಪರಿನ ಸೂಜಿ ಹಾಕುತ್ತಿದ್ದೆ. ಹತ್ತು ನಿಮಿಷದಲ್ಲಿ ಕುರಿ ತಲೆ ತಗ್ಗಿಸಿ ನಿಲ್ಲುತ್ತಿತ್ತು. ನಾನು ಥಿಯೇಟರಿಗೆ ಹೋಗಿ ಸಾಮಾನು ಜೋಡಿಸುತ್ತಿದ್ದೆ. ಎಂಟೂವರೆಗೆ ಮಾರಯ್ಯ ದಾನಿಯನ್ನು ಕರೆದುಕೊಂಡು ಬರುತ್ತಿದ್ದ.

ಎರಡನೆಯ ಪ್ರಯೋಗದ ದಿನ ಥರ್ಮಾಮೀಟರ್ ಮರೆತು ವಾಪಸ್ ಪ್ರಾಣಿಶಾಲೆಗೆ ಹೋದೆ. ಮಾರಯ್ಯ ದಾನಿ ಕುರಿಯ ದವಡೆ ಎತ್ತಿ ಹಿಡಿದು ಗೊಟ್ಟದಲ್ಲಿ ಏನೋ ಹುಯ್ಯುತ್ತಿದ್ದ. ಗೊಟ್ಟ ಎಂದರೆ ದನಕರುಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಪಕ್ಕದಲ್ಲಿ ಅವನ ಊಟದ ಕ್ಯಾರಿಯರ್ ತೆರೆದಿತ್ತು. ಅದರಲ್ಲಿದ್ದದ್ದು ರಾಗಿ ಅಂಬಲಿ.

"ಏನ್ ಮಾರಯ್ಯ, ಅದಕ್ಕೆ ಉಪವಾಸ ಅಲ್ವಾ?" ಎಂದೆ.

"ಒಂದ್ ಗುಟುಕು ಸಾ. ನಮ್ ಅಟ್ಟೀಲಿ ಕುಯ್ಯೋ ಮರೀನೂ ಅಸ್ದ ಒಟ್ಟೇಲಿ ಕಳ್ಸಲ್ಲ. ಬಾಯ್ಗೆ ಏನಾರ ಆಕ್ಬುಟ್ಟೇ ಕಳ್ಸದು."

"ಆ ಇನ್ನೊಂದಕ್ಕೂ ಕೊಟ್ಯಾ?"

"ಅದ್ಯಾಕ್ ಸಾ? ಅದು ವಾಪಸ್ ಬತ್ತದೆ, ಬಂದ್ಮೇಲೆ ಮೇಯ್ತದೆ. ಇದು ಬರಾಕಿಲ್ವಲ್ಲ."

ನಮ್ಮ ಮನೆಯಲ್ಲೂ ಮರಿ ಕುಯ್ಯುವ ದಿನ ಅವ್ವ ಒಂದು ಹಿಡಿ ನೆನೆಸಿದ ರಾಗಿ ತಿನ್ನಿಸಿ, ಅದರ ಹಣೆ ಸವರಿ, ಒಳಗೆ ಹೋಗಿಬಿಡುತ್ತಿದ್ದಳು. ಒಂದು ಗುಟುಕಿನಿಂದ ಏನಾಗುತ್ತದೆ ಎಂದುಕೊಂಡು ಥರ್ಮಾಮೀಟರ್ ತೆಗೆದುಕೊಂಡು ಬಂದೆ. ಪುಸ್ತಕದಲ್ಲಿ "ಉಪವಾಸ: ಪೂರ್ಣ" ಎಂದು ಬರೆದು ಸಹಿ ಹಾಕಿದೆ. ಮುಂದಿನ ಸಲವೂ ಹಾಕಿದೆ. ಹೋಗಿ ನೋಡಲಿಲ್ಲ. ನೋಡಿದರೆ ಬೇಡ ಎನ್ನಬೇಕಾಗುತ್ತದೆ, ಅದಕ್ಕೇ ನೋಡಲಿಲ್ಲ.

ಐದು ಕುರಿ ಕಳೆದ ಮೇಲೆ ಬಸ್ಸಿನವರ ಮುಷ್ಕರ ಬಂತು. ಎರಡು ವಾರದ ಹತ್ತಿರ ಬಸ್ಸು ಓಡಲಿಲ್ಲ. ಸುಮತಿಯೂ ಇಲ್ಲ, ಮಾರಯ್ಯನೂ ಇಲ್ಲ. ಚೀಫ್ ಕಾರಿನಲ್ಲಿ ಬಂದರು, ಕೆಲಸ ನಿಲ್ಲಿಸಲಿಲ್ಲ. ದ್ರಾವಣವನ್ನು ಅವರೇ ತೂಕ ಹಾಕಿ ಮಾಡಿದರು. ಕುರಿಗೆ ಸೂಜಿ ಹಾಕಿ ಥಿಯೇಟರಿಗೆ ಎಳೆದುಕೊಂಡು ಬಂದವನು ನಾನು. ಅವತ್ತು ಸಂಜೆ ಉಸಿರುನಾಳದಲ್ಲಿ ನೊರೆ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕುರಿ ಎದ್ದು ನಿಂತು ನನ್ನ ಶರಟಿನ ತೋಳು ಜಗಿಯಿತು. ಮುಂದಿನ ವಾರ ಇನ್ನೊಂದು ಮಾಡಿದೆವು, ಅದೂ ಎದ್ದು ನಿಂತಿತು. ಚೀಫ್ ಆ ದಿನ ನನ್ನ ಭುಜದ ಮೇಲೆ ಕೈ ಹಾಕಿ ಮಾತಾಡಿದ್ದು ಇನ್ನೂ ನೆನಪಿದೆ. ಅವರು ಯಾರ ಭುಜದ ಮೇಲೂ ಕೈ ಹಾಕುವವರಲ್ಲ.

ಬಸ್ಸು ಶುರುವಾಯಿತು. ಇಬ್ಬರೂ ಬಂದರು. ಆ ವಾರದ ಕುರಿ ಸಂಜೆಗೆ ಹೋಯಿತು. ಅದರ ಮುಂದಿನದೂ ಹೋಯಿತು.

ಮುಷ್ಕರದಲ್ಲಿ ಏನು ಬದಲಾಗಿತ್ತು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಚೀಫ್ ಬೋರ್ಡಿನ ಮುಂದೆ ನಿಂತು "ದ್ರಾವಣ" ಎನ್ನುವುದರ ಸುತ್ತ ಗೆರೆ ಎಳೆದರು. ಸುಮತಿಯ ನೋಟ್‌ಬುಕ್ ತರಿಸಿ ನೋಡಿದರು. ಒಂದು ಕಡೆ ಅವಳು ತೂಕದ ಅಂಕಿಯನ್ನು ಹೊಡೆದು ಮೇಲೆ ಬೇರೆ ಅಂಕಿ ಬರೆದಿದ್ದಳು. "ಇದೇನಿದು?" ಎಂದರು. "ಮೊದ್ಲು ತಪ್ಪಾಗಿ ಬರೆದಿದ್ದೆ ಸಾರ್, ಆಗ್ಲೇ ತಿದ್ದಿದೀನಿ. ತೂಕ ಸರಿಯಾಗಿತ್ತು" ಎಂದಳು. ಅವರು ನನ್ನ ಪುಸ್ತಕವನ್ನು ತೆರೆದು ಅವಳ ಮುಂದೆ ಇಟ್ಟರು. "ಇದು ನೋಡಿ. ಒಂದೇ ಒಂದು ತಿದ್ದುಪಡಿ ಇಲ್ಲ. ಪುಸ್ತಕ ಇಡೋದು ಅಂದ್ರೆ ಹೀಗೆ." ನಾನು ಅಲ್ಲೇ ನಿಂತಿದ್ದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅಂಬಲಿಯ ನೆನಪೂ ಬರಲಿಲ್ಲ. ಮುಷ್ಕರದಲ್ಲಿ ಮಾರಯ್ಯನೂ ಇರಲಿಲ್ಲ ಎನ್ನುವುದೂ ಯಾರಿಗೂ ಹೊಳೆಯಲಿಲ್ಲ. ಹಗ್ಗ ಹಿಡಿದುಕೊಂಡು ಬರುವವನನ್ನು ಪ್ರಯೋಗದ ಲೆಕ್ಕಕ್ಕೆ ಯಾರು ತೆಗೆದುಕೊಳ್ಳುತ್ತಾರೆ? ಹೊಗಳಿದ್ದು ಕೇಳಿ ಒಳಗೆ ಸ್ವಲ್ಪ ಖುಷಿಯೇ ಆಯಿತು.

ಪ್ರಯೋಗ ನಿಲ್ಲಿಸಿದರು. ಸುಮತಿಯ ಒಪ್ಪಂದ ಮುಂದುವರಿಸುವುದಿಲ್ಲ ಎನ್ನುವ ಮಾತು ಬಂತು. ಬರೀ ಮುಂದುವರಿಸದಿದ್ದರೆ ಬೇರೆ ಕಡೆ ನೋಡಿಕೊಳ್ಳಬಹುದಿತ್ತು. ಕಾಗದದಲ್ಲಿ ಅಜಾಗರೂಕತೆ ಎಂದು ಬರೆದುಕೊಟ್ಟರೆ ಇನ್ನಾವ ಲ್ಯಾಬಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳು ಊಟದ ಹೊತ್ತಿನಲ್ಲಿ ಬಾಟಲಿಗಳನ್ನು ಮತ್ತೆ ಮತ್ತೆ ತೊಳೆಯುತ್ತಾ ನಿಂತಿರುತ್ತಿದ್ದಳು. ಆ ಬಾಟಲಿಗಳಲ್ಲಿ ಏನೂ ಇರಲಿಲ್ಲ.

ಅದೇ ವಾರ, ಗುರುವಾರ, ಸ್ಲೈಡುಗಳು ಬಂದವು. ಜೋಡಿಸಿದ ಪ್ರತಿ ಶ್ವಾಸಕೋಶದ ಚೂರನ್ನು ಹೊರಗಿನ ಒಬ್ಬ ಪೆಥಾಲಜಿಸ್ಟ್‌ಗೆ ಕಳಿಸುತ್ತಿದ್ದೆವು. ಅವರ ವರದಿಯಲ್ಲಿ, ಒಳಗೆ ಪಿಷ್ಟದ ಕಣಗಳಿವೆ, ಕೈಗವಸಿನ ಪುಡಿ ಇರಬಹುದು ಎಂದಿತ್ತು. ಆಗಿನ ಕೈಗವಸುಗಳಿಗೆ ಒಳಗೂ ಹೊರಗೂ ಜೋಳದ ಪಿಷ್ಟ ಉದುರಿಸಿರುತ್ತಿದ್ದರು, ಗಾಯಕ್ಕೆ ಬೀಳುವುದು ಹೊಸದೇನಲ್ಲ. ಚೀಫ್ ಓದಿ, ಇನ್ನು ಮೇಲೆ ಎಲ್ಲರೂ ಕೈಗವಸು ಮೂರು ಸಲ ತೊಳೆಯಬೇಕು ಎಂದು ನೋಟೀಸು ಹಚ್ಚಿಸಿ, ಸ್ಲೈಡಿನ ಪೆಟ್ಟಿಗೆಯನ್ನು ನಂಬರು ಹಾಕಿ ಇಡಲು ನನಗೆ ಕಳಿಸಿದರು.

ನಂಬರು ಹಾಕುವಾಗ ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕೆಲಸವಿಲ್ಲದಾಗ ನೋಡುವ ಚಟ ನನಗಿತ್ತು. ಅಯೋಡಿನ್ ಹಾಕಿದ್ದರಿಂದ ಪಿಷ್ಟ ನೀಲಿ ಕಪ್ಪಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಕೆಂಪು ಕಂದು ಬಣ್ಣದ ತೆಳು ಚೂರುಗಳಿದ್ದವು. ಕೈಗವಸಿನ ಪುಡಿಯಲ್ಲಿ ಇಂಥದ್ದು ಇರುವುದಿಲ್ಲ, ಅದು ಬೆಳ್ಳಗಿರುತ್ತದೆ. ಇದನ್ನು ಎಲ್ಲೋ ನೋಡಿದ್ದೇನೆ ಎಂದುಕೊಂಡು ಸ್ಲೈಡನ್ನು ಅತ್ತ ಇತ್ತ ಸರಿಸಿದೆ. ನಮ್ಮ ಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿದಾಗ ಜರಡಿಯಲ್ಲಿ ಉಳಿಯುತ್ತದಲ್ಲ, ಆ ತೌಡು. ಮಾರಯ್ಯನ ಮನೆಯಲ್ಲಿ ಜರಡಿ ಹಿಡಿಯುತ್ತಿರಲಿಲ್ಲ. ಆ ಪೆಥಾಲಜಿಸ್ಟ್ ಒಳ್ಳೆಯ ಕೆಲಸಗಾರರೇ, ಆದರೆ ಅಕ್ಕಿ ಗೋಧಿ ತಿನ್ನುವ ಕಡೆಯವರು. ರಾಗಿಯ ಗುರುತು ಅವರಿಗೆ ಹೇಗೆ ಸಿಗಬೇಕು?

ಒಂಬತ್ತನ್ನೂ ನೋಡಿದೆ. ಕೆಟ್ಟ ಏಳರಲ್ಲಿಯೂ ಇತ್ತು. ಮುಷ್ಕರದ ಎರಡರಲ್ಲಿ ಇರಲಿಲ್ಲ.

ಮೊದಲು ನನಗೆ ಅರ್ಥವಾಗದೆ ಇದ್ದದ್ದು ಒಂದೇ. ಗೊಟ್ಟ ಹಿಡಿಯುವುದರಲ್ಲಿ ಮಾರಯ್ಯನ ಕೈ ಪಳಗಿದ ಕೈ, ಅವನು ಹುಯ್ದದ್ದು ಶ್ವಾಸನಾಳಕ್ಕೆ ಹೋಗುವುದು ಹೇಗೆ? ಕುರಿ ಕೆಮ್ಮಬೇಕಿತ್ತಲ್ಲ. ಆಮೇಲೆ ಹೊಳೆಯಿತು. ಎಚ್ಚರವಿರುವ ಕುರಿ ನುಂಗುತ್ತದೆ, ತಪ್ಪಿದರೆ ಕೆಮ್ಮುತ್ತದೆ. ಇವು ಎಚ್ಚರವಾಗಿರಲಿಲ್ಲ. ಏಳೂವರೆಗೆ ನಾನು ಮಂಪರಿನ ಸೂಜಿ ಹಾಕಿ ಹೋಗುತ್ತಿದ್ದೆ. ಸಡಿಲವಾದ ಗಂಟಲಲ್ಲಿ ಒಂದು ಗುಟುಕು ಅಂಬಲಿ ಸದ್ದಿಲ್ಲದೆ ಎದೆಗೆ ಇಳಿಯುತ್ತಿತ್ತು. ನಾವು ಅದನ್ನು ತೆಗೆದು, ತೊಳೆದು, ತಂಪು ಮಾಡಿ, ಇನ್ನೊಂದು ಕುರಿಗೆ ಜೋಡಿಸುತ್ತಿದ್ದೆವು. ಅವನ ಕೈಯಲ್ಲಿ ತಪ್ಪಿರಲಿಲ್ಲ, ನನ್ನ ಸೂಜಿಯಲ್ಲೂ ತಪ್ಪಿರಲಿಲ್ಲ. ಒಂದರ ಮೇಲೊಂದು ಬಿದ್ದು ಏಳು ಜೊತೆ ಕುರಿ ಹೋದವು.

ಗುರುವಾರ ಸಂಜೆಯೇ ಚೀಫ್ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಹೇಳಿದರೆ ಮಾರಯ್ಯನ ಕೂಲಿ ಹೋಗುತ್ತದೆ, ಪಾಪ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಪುಸ್ತಕದಲ್ಲಿ ಏಳು ಕಡೆ ನನ್ನ ಸಹಿ ಇತ್ತು, ಭಯ ಇದ್ದದ್ದು ಅದರದ್ದು. ಶನಿವಾರ ಸಂಜೆ ಸುಮತಿಗೆ ಕಾಗದ ಕೊಟ್ಟರು. ಅವಳು ಅದನ್ನು ಓದಿ, ಮಡಚಿ, ಬ್ಯಾಗಿನೊಳಗಿಟ್ಟು, ತಕ್ಕಡಿಯ ಮೇಲೆ ಬಟ್ಟೆ ಮುಚ್ಚಿ ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಮಾರಯ್ಯ ಬಂದು ಬಾಗಿಲಲ್ಲಿ ನಿಂತ. "ಸುಮತವ್ವ ಬಸ್ಸಲ್ ಇರ್ನಿಲ್ಲ ಸಾ. ಮೈ ಉಸಾರಿಲ್ವೇನೋ. ಸೀಟ್ ಇಡ್ಯೋರಿಲ್ದೆ ನಿಂತ್ಕಂಡೇ ಬಂದೆ" ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಅವನ ಕೈಯಲ್ಲಿ ಕ್ಯಾರಿಯರ್ ಇತ್ತು.

ಪುಸ್ತಕ ಮತ್ತು ಸ್ಲೈಡಿನ ಪೆಟ್ಟಿಗೆ ಎತ್ತಿಕೊಂಡು ಚೀಫ್ ಕೋಣೆಗೆ ಹೋದೆ. ನಿಂತೇ ಎಲ್ಲ ಹೇಳಿದೆ. ಅವರು ಪುಸ್ತಕದ ಹಾಳೆಗಳನ್ನು ತಿರುವಿದರು. ಕೊನೆಗೆ, "ನೀವು ಕಣ್ಣಲ್ಲಿ ನೋಡಿದ್ದು ಎಷ್ಟು ಸಲ?" ಎಂದರು.

"ಒಂದೇ ಸಲ ಸಾರ್. ಆದ್ರೆ ಪ್ರತಿ ಸಲ ಕೊಡ್ತಾನೆ ಅಂತ ಗೊತ್ತಿತ್ತು."

"ಗೊತ್ತಿದ್ದೂ ಸಹಿ ಹಾಕಿದ್ರಿ."

"ಹಾಕ್ದೆ ಸಾರ್."

ಅವರು ಎದ್ದರು. ಫ್ರೀಜರಿನಲ್ಲಿ ಏನಿದೆ ಎಂದು ಕೇಳಿದರು. ದಾನಿಯ ಬಲ ಶ್ವಾಸಕೋಶ ನಮಗೆ ಬೇಡವಾದದ್ದು, ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟು ತಿಂಗಳಿಗೊಮ್ಮೆ ಸುಡುತ್ತಿದ್ದೆವು. ಕೊನೆಯ ದಾನಿಯದು ಇನ್ನೂ ಇತ್ತು. ಸುಮತಿಯ ದ್ರಾವಣ ಅದನ್ನು ಮುಟ್ಟಿರಲಿಲ್ಲ, ತಂಪಿನ ಪೆಟ್ಟಿಗೆಗೆ ಅದು ಹೋಗಿರಲಿಲ್ಲ, ಯಾರೂ ಅದಕ್ಕೆ ಹೊಲಿಗೆ ಹಾಕಿರಲಿಲ್ಲ. ಕರಗಿಸಿ, ಉಸಿರುನಾಳವನ್ನು ಸೀಳಿ ಬೆಳಕಿಗೆ ಹಿಡಿದೆವು. ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ಕವಲೊಡೆಯುವ ಜಾಗದಲ್ಲಿ ಕಂದು ಬಣ್ಣದ ಲೇಪ ಅಂಟಿಕೊಂಡಿತ್ತು. ಇಷ್ಟು ದಿನ ಪ್ರತಿ ತಿಂಗಳೂ ಉತ್ತರವನ್ನು ನಾವೇ ಸುಡುತ್ತಿದ್ದೆವು. ಅಂದಿನಿಂದ ಬೇಡವೆಂದು ಪಕ್ಕಕ್ಕಿಡುವ ಭಾಗವನ್ನೂ ತೆರೆದು ನೋಡಿ ಬರೆದಿಡುವ ಪದ್ಧತಿ ಶುರುವಾಯಿತು. ಈಗ ಎಲ್ಲ ಕಡೆ ಕಂಪ್ಯೂಟರು, ಫಾರಂ, ಸಮಿತಿ ಎಲ್ಲ ಬಂದಿದೆ. ಅದೆಲ್ಲ ಒಳ್ಳೆಯದೇ. ಆದರೂ ನಾನು ಕಲಿತ ಪದ್ಧತಿಗಳಲ್ಲಿ ಇದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು.

ಚೀಫ್ ಕೋಣೆಗೆ ವಾಪಸ್ ಬಂದು, ಬೋರ್ಡಿನಲ್ಲಿ "ದಾನಿ" ಎನ್ನುವುದರ ಮೇಲಿದ್ದ ಗೆರೆಯನ್ನು ಹೆಬ್ಬೆರಳಿನಲ್ಲಿ ಒರೆಸಿದರು. "ಪುಸ್ತಕದಲ್ಲಿ ಏಳು ಕಡೆ ತಿದ್ದಿ. ಅಳಿಸ್ಬೇಡಿ, ಹೊಡೆದು ಬರೀರಿ. ಇವತ್ತಿನ ತಾರೀಕು ಹಾಕಿ" ಎಂದರು. ನಾನು ತಿದ್ದಿದೆ. "ಆ ಹುಡುಗಿ ತಿದ್ದಿದ್ದು ಸರಿಯಾಗೇ ಇತ್ತು" ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಮಾರಯ್ಯನನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಯಾಕೆ ಉಪವಾಸ ಇಡ್ತೀವಿ ಅಂತ ಅವನಿಗೆ ಯಾವತ್ತಾದ್ರೂ ಹೇಳಿದ್ರಾ?" ಎಂದರು. ಇಲ್ಲ ಎಂದೆ. "ನಾನೂ ಹೇಳಿಲ್ಲ. ಹಾಗಿದ್ಮೇಲೆ ಅವನನ್ನ ಏನ್ ಮಾಡೋದು?" ನನಗೆ ಮೆಮೊ ಬಂತು. ಬರಬೇಕಾದದ್ದೇ.

ಮಧ್ಯಾಹ್ನ ಅವರ ಕಾರಿನಲ್ಲಿ ನಾವಿಬ್ಬರೂ ತಿ. ನರಸೀಪುರಕ್ಕೆ ಹೋದೆವು. ಸುಮತಿಯ ಮನೆ ಸಣ್ಣ ಓಣಿಯಲ್ಲಿತ್ತು. ಅವಳ ತಾಯಿ ಕುರ್ಚಿ ಒರೆಸಿ ಹಾಕಿದರು, ಚೀಫ್ ಕೂರಲಿಲ್ಲ. "ತಪ್ಪು ನಮ್ದಮ್ಮ. ದ್ರಾವಣದಲ್ಲಿ ಏನೂ ಇರ್ಲಿಲ್ಲ. ನಾಳೆಯಿಂದ ಬನ್ನಿ" ಎಂದು ಆದದ್ದನ್ನೆಲ್ಲ ಹೇಳಿದರು. ಅವಳು ಕೇಳಿಸಿಕೊಂಡು, "ಕಾಗದದಲ್ಲಿ ಕೊಟ್ಟಿದ್ದೀರಿ ಸಾರ್, ವಾಪಸ್ ತಗೊಳ್ಳೋದೂ ಕಾಗದದಲ್ಲೇ ಆಗ್ಲಿ" ಎಂದಳು. ಅವರು ಅಲ್ಲೇ ಬರೆದುಕೊಟ್ಟರು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನಿಮ್ಗೆ ಯಾವತ್ತು ಗೊತ್ತಾಯ್ತು ಸಾರ್?"

"ಗುರುವಾರ."

"ನನ್ಗೆ ಕಾಗದ ಕೊಟ್ಟಿದ್ದು ಶನಿವಾರ."

ಅಷ್ಟೇ ಹೇಳಿ ಒಳಗೆ ಹೋಗಿ ಕಾಫಿ ತಂದಳು. ಆ ಕಾಫಿ ಕುಡಿದದ್ದು ನನಗೆ ಚೆನ್ನಾಗಿ ನೆನಪಿದೆ.

ವಾಪಸ್ ಬಂದು ಮಾರಯ್ಯನಿಗೆ ನಾನೇ ಹೇಳಿದೆ. ಮೊದಲು ನಂಬಲಿಲ್ಲ. "ನಲ್ವತ್ ವರ್ಸದಿಂದ ಗೊಟ್ಟ ಇಡ್ದಿವ್ನಿ ಸಾ, ನನ್ ಕೈಲಿ ಒಂದ್ ಕುರಿ ಕೆಮ್ಮಿಲ್ಲ" ಎಂದ.

"ಕೆಮ್ಮೋಕೆ ನಾನು ಬಿಡ್ಲಿಲ್ಲ ಮಾರಯ್ಯ. ಸೂಜಿ ಹಾಕಿರ್ತಿದ್ದೆ."

ಅವನು ಹುಲ್ಲಿನ ಮೆದೆಯ ಮೇಲೆ ಕೂತ. ಕುರಿಗಳ ಬಗ್ಗೆ ಕೇಳಲಿಲ್ಲ. "ಅಂಗಾರೆ ಸುಮತವ್ವನ್ ಕೆಲ್ಸ ಕಳ್ದೋನು ನಾನೇಯಾ?" ಎಂದ. ಕೆಲಸ ಹೋಗಿಲ್ಲ, ನಾಳೆ ಬರುತ್ತಾಳೆ ಎಂದೆ. ಎದ್ದು ಗೊಟ್ಟವನ್ನು ಗೋಡೆಯ ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟ. "ಅಸ್ಕಂಡೇ ಕಳ್ಸಬೇಕು ಅನ್ನಿ" ಎಂದ. ಹೌದು ಎಂದೆ. ಅವನ ಮುಖ ನೋಡುವುದಕ್ಕೆ ಆಗಲಿಲ್ಲ.

ಮರುದಿನ ಬಸ್ಸಿನಲ್ಲಿ ಸುಮತಿ ಅವನಿಗೆ ಸೀಟು ಹಿಡಿದಿದ್ದಳು. ನನ್ನ ಜೊತೆ ಮಾತ್ರ ಕೆಲಸದ ಮಾತು ಬಿಟ್ಟು ಬೇರೆ ಮಾತು ಬಹಳ ದಿನ ಆಡಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಶುರು ಮಾಡಿದೆವು. ಈ ಸಲ ಹಿಂದಿನ ದಿನ ಬೆಳಿಗ್ಗೆಯಿಂದ ನಾನೇ ಹೋಗಿ ಹೋಗಿ ನೋಡಿದೆ. ಮೇವು ಹಾಕುವ ಗೋದಲಿ ಖಾಲಿ, ಹತ್ತಿರದಲ್ಲಿ ಹುಲ್ಲಿಲ್ಲ, ಮಾರಯ್ಯ ದಾನಿಯ ಪಕ್ಕ ಸುಮ್ಮನೆ ಕೂತಿದ್ದ. ದ್ರಾವಣ ಮಾಡಿದವಳು ಸುಮತಿ. ಸಂಜೆ ನಾವೆಲ್ಲ ಉಸಿರುನಾಳವನ್ನೇ ನೋಡುತ್ತಾ ನಿಂತಿದ್ದೆವು. ನೊರೆ ಬರಲಿಲ್ಲ. ಐದಾಯಿತು, ಆರಾಯಿತು, ಬರಲಿಲ್ಲ. ಚೀಫ್ ಮುಖದ ಬಟ್ಟೆ ಬಿಚ್ಚಿ ಎಲ್ಲರಿಗಿಂತ ಮೊದಲು ಸುಮತಿಯ ಕಡೆ ನೋಡಿ ತಲೆ ಆಡಿಸಿದರು. ಯಾರನ್ನೋ ಕಳಿಸಿ ಮೈಸೂರ್ ಪಾಕ್ ತರಿಸಿದರು.

ಒಂದು ತುಂಡನ್ನು ಕಾಗದದಲ್ಲಿ ಇಟ್ಟುಕೊಂಡು ಪ್ರಾಣಿಶಾಲೆ ಕಡೆ ಹೊರಟೆ. ಸುಮತಿ ಹಿಂದೆಯೇ ಬಂದಳು. "ಮಾರಯ್ಯನವ್ರಿಗಾ ಸಾರ್? ಮೊದ್ಲು ಊಟ ಮಾಡ್ಸಿ" ಎಂದಳು. ಯಾಕೆ ಎಂದೆ. "ನಿನ್ನೆ ಬೆಳಿಗ್ಗೆಯಿಂದ ಅವ್ರು ಏನೂ ತಿಂದಿಲ್ಲ. ನಿನ್ನೆ ಸಾಯಂಕಾಲ ವಾಪಸ್ ಹೋಗುವಾಗ ಕ್ಯಾರಿಯರ್ ನನ್ ತೊಡೆ ಮೇಲೇ ಇತ್ತಲ್ಲ, ತುಂಬಿದ್ದಂಗೇ ಇತ್ತು. ಇವತ್ತು ಕ್ಯಾರಿಯರೇ ತಂದಿಲ್ಲ. ಬಸ್ ಸ್ಟ್ಯಾಂಡಲ್ಲಿ ಟೀನೂ ಬೇಡ ಅಂದ್ರು."

ಹೋಗಿ ನೋಡಿದರೆ ಮಾರಯ್ಯ ಆಗತಾನೇ ಆಪರೇಷನ್ ಮುಗಿಸಿಕೊಂಡು ಬಂದ ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅದರ ಎರಡೂ ಪಕ್ಕೆ ಸಮವಾಗಿ ಏರಿ ಇಳಿಯುತ್ತಿದ್ದವು. ಮೈಸೂರ್ ಪಾಕ್ ಕೊಟ್ಟೆ. ತೆಗೆದುಕೊಂಡ, ತಿನ್ನಲಿಲ್ಲ.

"ಏನ್ ಮಾರಯ್ಯ ಇದೆಲ್ಲ?" ಎಂದೆ.

"ಅದು ಅಸ್ಕಂಡ್ ನನ್ ಮುಖ ನೋಡ್ತಿರ್ವಾಗ ನಾನ್ ಎಂಗ್ ಸಾ ಉಣ್ಲಿ?" ಎಂದ. "ಇದು ಎದ್ದು ನಿಂತ್ಕಳ್ಲಿ, ಉಣ್ತೀನಿ."

ಅವನು ಕೆಲಸ ಬಿಡುವ ತನಕ, ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷ, ಹೀಗೇ ನಡೆಯಿತು. ಪ್ರತಿ ಸಲ ನಾನು ಹೋಗಿ ಗೋದಲಿ ನೋಡುತ್ತಿದ್ದೆ, ಕುರಿಯ ಬಾಯಿ ನೋಡುತ್ತಿದ್ದೆ, ಹಿಂದಿನ ಸಂಜೆ ಮಾರಯ್ಯನ ಕ್ಯಾರಿಯರನ್ನೂ ಎತ್ತಿ ನೋಡುತ್ತಿದ್ದೆ. ಅದು ಭಾರವಾಗಿಯೇ ಇರುತ್ತಿತ್ತು. ಆಮೇಲೆ ಬಂದು ಪುಸ್ತಕದಲ್ಲಿ "ಉಪವಾಸ: ಪೂರ್ಣ. ನೋಡಿದ್ದೇನೆ" ಎಂದು ಬರೆದು ಸಹಿ ಹಾಕುತ್ತಿದ್ದೆ. ಆ ಪುಸ್ತಕದಲ್ಲಿ ಜಾಗ ಇದ್ದದ್ದು ಒಂದು ಉಪವಾಸಕ್ಕೆ ಮಾತ್ರ.